ಕದಿರಿನ ಬಿಲ್ಲೆ

ಅಪ್ಪೊಲೋನಿಯಾ ಹಿಟ್ಟನ್ನು ಮಗುಚಿ, ಅಂಗೈಯಿಂದ ಒತ್ತಿ, ಮತ್ತೆ ಮಗುಚಿದಳು. ಬೆರಳಿಗೆ ಮೆತ್ತಿಕೊಂಡಿದ್ದನ್ನು ಚಾಕುವಿನ ಬೆನ್ನಿನಿಂದ ಕೆರೆದು ಮರಿಗೆಗೇ ಹಾಕಿದಳು. ಉಣ್ಣೆಗೆ ಹಿಟ್ಟು ಹಾರಬಾರದೆಂದು ರಾಟೆಯನ್ನು ಗೋಡೆಗೆ ಸರಿಸಿ, ಮೇಲೊಂದು ಹಳೆ ಲಂಗ ಹೊದಿಸಿದ್ದಳು. ಕೆಳಗಿನ ಅಂಗಳದಲ್ಲಿ ಚರ್ಮ ಹದ ಮಾಡುವವನು ಓಕ್ ತೊಗಟೆ ನೆನೆಹಾಕಿದ್ದ. ಅದರ ಒಗರು ವಾಸನೆ ಕಿಟಕಿಯಿಂದ ಬರುತ್ತಿತ್ತು. ಒಲೆಯ ಪಕ್ಕದಲ್ಲಿ ಬೆಕ್ಕು ಮಲಗಿತ್ತು.

ಹಿಟ್ಟನ್ನು ದುಂಡಗೆ ಕಟ್ಟಿ ಹಲಗೆಯ ಮೇಲೆ ಸಾಲಾಗಿಟ್ಟಳು. ಕಿಟಕಿಯ ಕಟ್ಟೆಯಿಂದ ಬಿಲ್ಲೆ ತೆಗೆದು ಒಂದೊಂದು ರೊಟ್ಟಿಯ ನೆತ್ತಿಗೂ ಒತ್ತಿದಳು. ಅವಳ ಅಮ್ಮನ ಕದಿರಿನ ಬುಡಕ್ಕಿದ್ದ ಮಣ್ಣಿನ ಬಿಲ್ಲೆ ಅದು. ನಡುವೆ ತೂತು, ಸುತ್ತ ಒಂದು ಗೆರೆ. ಊರಿನ ದೊಡ್ಡ ಒಲೆಯಲ್ಲಿ ಎಲ್ಲರ ರೊಟ್ಟಿಯೂ ಒಟ್ಟಿಗೇ ಬೇಯುತ್ತಿದ್ದುದರಿಂದ ಮನೆಗೊಂದು ಗುರುತಿತ್ತು.

ಆದರೆ ಇವತ್ತಿನ ರೊಟ್ಟಿ ಅವಳದಲ್ಲ, ಅಣ್ಣ ಬಾಸ್ಟಿಯನ್ ಮನೆಯದು. ಅತ್ತಿಗೆ ಬಾರ್ಬೆಲ್ ಹೆತ್ತು ಮಲಗಿದ್ದಳು. ಬಾಣಂತಿ ಚರ್ಚಿಗೆ ಹೋಗಿ ಪಾದ್ರಿಯ ಆಶೀರ್ವಾದ ಪಡೆಯುವ ತನಕ ಹೊಸ್ತಿಲು ದಾಟುವಂತಿರಲಿಲ್ಲ. ಅಣ್ಣ ನೇಕಾರ, ಅವನ ಮನೆಯ ಗುರುತು ಲಾಳಿ. ಸವೆದ ಲಾಳಿಯೊಂದನ್ನು ತಂದುಕೊಟ್ಟೂ ಇದ್ದ. ಅದು ಗೂಡಿನಲ್ಲೇ ಉಳಿದಿತ್ತು. ಕೈ ತನ್ನ ರೂಢಿಯಂತೆ ಬಿಲ್ಲೆಯನ್ನೇ ಎತ್ತಿಕೊಂಡಿತ್ತು.

ಒಲೆ ನೋಡಿಕೊಳ್ಳುವ ಮುದುಕಿ ಉರ್ಸೆಲ್ ಹಲಗೆ ನೋಡಿ ಹುಬ್ಬೇರಿಸಿದಳು. "ಇದೇನೇ, ಒಬ್ಬಳಿಗೆ ಇಷ್ಟೊಂದಾ? ಮಂಚದ ಕೆಳಗೆ ಯಾವನನ್ನಾದ್ರೂ ಬಚ್ಚಿಟ್ಟಿದ್ದೀಯೇನು?"

ಹೆಂಗಸರೆಲ್ಲ ನಕ್ಕರು.

"ಅಣ್ಣನ ಮನೆಗೆ ಅಜ್ಜಿ. ನಾಳೆ ಮಗುವಿನ ದೀಕ್ಷಾಸ್ನಾನದ ಊಟ."

"ಮತ್ತೆ ಲಾಳಿ ಎಲ್ಲಿ? ಇದು ನಿನ್ನ ಬಿಲ್ಲೆ ಅಲ್ವಾ?"

"ಅಯ್ಯೋ!" ಅಪ್ಪೊಲೋನಿಯಾ ಕೆನ್ನೆ ಮುಟ್ಟಿಕೊಂಡಳು. ಹಿಟ್ಟು ಆಗಲೇ ಉಬ್ಬಿತ್ತು, ತಿದ್ದಲು ಹೋದರೆ ಕುಸಿಯುತ್ತಿತ್ತು.

"ಹೋಗ್ಲಿ ಬಿಡು. ಹೊಟ್ಟೆ ಸೇರಿದ್ಮೇಲೆ ಗುರುತು ಯಾರು ಕೇಳ್ತಾರೆ?" ಎನ್ನುತ್ತ ಉರ್ಸೆಲ್ ರೊಟ್ಟಿಗಳನ್ನು ಒಳಗೆ ತಳ್ಳಿದಳು.

ಕೇಳಿದವನು ಎಂಗೆಲ್‌ಹಾರ್ಟ್. ನೇಕಾರರ ಸಂಘದ ಹಿರಿಯ, ಮಗುವಿನ ಧರ್ಮಪಿತ. ಮರುದಿನ ಊಟಕ್ಕೆ ಕೂತವನು ರೊಟ್ಟಿಯನ್ನು ಮುರಿಯುವ ಮೊದಲು ತಿರುಗಿಸಿ ನೋಡಿದ. "ಲಾಳಿ ಇಲ್ಲವಲ್ಲ. ಯಾವ ಮನೇದಿದು?"

ಮೂಲೆಯ ಹಾಸಿಗೆಯಿಂದ ಬಾರ್ಬೆಲ್ ಹೆಮ್ಮೆಯಿಂದ ಹೇಳಿದಳು: "ನಮ್ಮ ನಾದಿನಿ ಮನೇದು ಯಜಮಾನ್ರೇ. ಒಬ್ಬಳೇ ಇದ್ರೂ ಯಾರ ಹಂಗೂ ಇಲ್ಲ ನೋಡಿ ಅವಳಿಗೆ. ಅವಳ ನೂಲು ಅಂದ್ರೆ ಹೊರಗಿನ ವ್ಯಾಪಾರಿಗಳು ಬಾಗಿಲಿಗೇ ಬರ್ತಾರೆ."

"ಮನೇನಾ?" ಎಂದ ಎಂಗೆಲ್‌ಹಾರ್ಟ್. "ಆ ಮನೆಗೆ ಯಜಮಾನ ಯಾರಮ್ಮ?"

"ಬೆಕ್ಕು!" ಎಂದು ಯಾರೋ ಕೂಗಿದರು. ಇಡೀ ಮೇಜು ಗೊಳ್ಳೆಂದಿತು. ವೈನ್ ಸುರಿಯುತ್ತಿದ್ದ ಅಪ್ಪೊಲೋನಿಯಾಳೂ ನಕ್ಕಳು. ಎಂಗೆಲ್‌ಹಾರ್ಟ್ ಮಾತ್ರ ನಗದೆ, ರೊಟ್ಟಿಯ ಮೇಲಿನ ಉಂಗುರವನ್ನು ಹೆಬ್ಬೆರಳಿನಿಂದ ಸವರುತ್ತಿದ್ದ. ಅದನ್ನು ಕಂಡು ಅವಳ ನಗು ಅರ್ಧಕ್ಕೇ ನಿಂತಿತು.

ಮದುವೆಯಾಗದ ಹೆಂಗಸು ಸ್ವಂತ ಒಲೆ ಹೂಡಬಾರದು, ಯಾರದಾದರೂ ಮನೆಯಲ್ಲಿ ಚಾಕರಿಗಿರಬೇಕು, ಇಲ್ಲವೇ ನೆಂಟರ ಸೂರಿನಡಿ ಇರಬೇಕು. ಕಟ್ಟಳೆ ಹಳೆಯದು. ಇಷ್ಟು ದಿನ ಯಾರೂ ಅದನ್ನು ಹಿಡಿದು ಜಗ್ಗಿರಲಿಲ್ಲ. ಊಟ ಮುಗಿದ ವಾರದಲ್ಲೇ ಚರ್ಚಿನ ನ್ಯಾಯಸಭೆಯಿಂದ ಕರೆ ಬಂತು.

ಹೆಂಗಸು ಅಲ್ಲಿ ತಾನೇ ಮಾತಾಡುವಂತಿರಲಿಲ್ಲ, ಅವಳ ಪರವಾಗಿ ಗಂಡಸೊಬ್ಬ ಮಾತಾಡಬೇಕಿತ್ತು. ಬಾಸ್ಟಿಯನ್ ಸಭೆಯ ಹಿಂದಿನ ದಿನ ಮಧ್ಯಾಹ್ನ ಬಂದು ಅವಳ ಒಲೆಯ ಮುಂದೆ ಕೂತು ಕೈ ಕಾಯಿಸಿಕೊಂಡ.

"ಒಲೆ ಇರ್ಲಿ ಅಂತ ಕೇಳು ಸಾಕು ಅಣ್ಣ," ಎಂದಳು. "ಊರಿನ ನೇಕಾರರಿಗೇ ನೂಲು ಕೊಡು ಅಂದ್ರೂ ಕೊಡ್ತೀನಿ. ಕಡಿಮೆಗೇ ಕೊಡ್ತೀನಿ. ಒಲೆ ಒಂದಿರ್ಲಿ."

"ಕೇಳ್ತೀನಿ ಕಣೆ. ನಾನು ನಿನ್ನಣ್ಣ ಅಲ್ವಾ?"

"ಅವರ ಮುಂದೆ ನಿನಗೆ ಗಂಟಲು ಕಟ್ಟುತ್ತೆ."

"ಅಮ್ಮನಾಣೆಗೂ ಕೇಳ್ತೀನಿ." ಏಳುವಾಗ ಅವಳ ತಲೆಯ ಮೇಲೆ ಮೊಟಕಿದ, ಚಿಕ್ಕಂದಿನಲ್ಲಿ ಮೊಟಕುತ್ತಿದ್ದ ಹಾಗೆ.

ಸಭೆಯ ಕೋಣೆ ತಣ್ಣಗಿತ್ತು. ಬಾಸ್ಟಿಯನ್ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದಿದ್ದ. ಪಾದ್ರಿ ಕಟ್ಟಳೆ ಓದಿ ಮುಗಿಸಿದರು. ಆಮೇಲೆ, ಸಭೆಯ ಹಿರಿಯರಲ್ಲೊಬ್ಬನಾಗಿ ಪಾದ್ರಿಯ ಪಕ್ಕ ಕೂತಿದ್ದ ಎಂಗೆಲ್‌ಹಾರ್ಟ್ ಬಾಸ್ಟಿಯನ್ ಕಡೆ ತಿರುಗಿ, ಸಂತೆಯಲ್ಲಿ ಸಿಕ್ಕವನನ್ನು ಮಾತಾಡಿಸುವಂತೆ ಹೇಳಿದ: "ಎರಡನೇ ಮಗ್ಗ ಬೇಕು ಅಂತ ಸಂಘದಲ್ಲಿ ಕೇಳಿದ್ದೆಯಲ್ಲಪ್ಪ. ಮನೇಲಿ ನೂಲೋ ಕೈ ಇಲ್ಲ ಅಂತ ತಡೆದಿದ್ವಿ. ಇದ್ದಿದ್ರೆ ನಮಗೇನೂ ಅಡ್ಡಿ ಇರ್ಲಿಲ್ಲ."

ಟೊಪ್ಪಿಗೆಯ ಅಂಚು ಬಾಸ್ಟಿಯನ್ ಬೆರಳುಗಳಲ್ಲಿ ಒಂದು ಸುತ್ತು ತಿರುಗಿತು.

"ನಮ್ಮನೆಗೇ ಬರ್ತಾಳೆ," ಎಂದ. "ಮೊದಲೇ ಮಾತಾಡ್ಕೊಂಡಿದ್ದೀವಿ. ಅವಳಿಗೂ ಒಪ್ಪಿಗೆ."

"ಅಣ್ಣ," ಎಂದಳು ಅಪ್ಪೊಲೋನಿಯಾ.

ಅವನು ತಿರುಗಲಿಲ್ಲ. ಪಾದ್ರಿ ಮೃದುವಾಗಿ ಅಂದರು: "ನಿನ್ನ ಮಾತನ್ನ ನಿನ್ನಣ್ಣ ಆಡಿದ್ದಾನಲ್ಲಮ್ಮ. ಹೋಗು, ಒಳ್ಳೇದಾಗ್ಲಿ."

ಸಂತ ಮಾರ್ಟಿನ್ ಹಬ್ಬದ ದಿನ, ಊರಿನ ಆಳುಗಳೆಲ್ಲ ಗಂಟು ಹೊತ್ತು ಮನೆ ಬದಲಾಯಿಸುವಾಗ, ಅವಳೂ ರಾಟೆ ಹೊತ್ತು ಬಂದಳು. ಬೆಕ್ಕು ಅರ್ಧ ದಾರಿಯ ತನಕ ಹಿಂದೆ ಬಂದು, ಚರ್ಮದವನ ಅಂಗಳಕ್ಕೇ ವಾಪಸು ಹೋಯಿತು. ಬಾರ್ಬೆಲ್ ಬಾಗಿಲಲ್ಲಿ ನಿಂತಿದ್ದಳು. ಅವಳು ಆಗಲೇ ಚರ್ಚಿಗೆ ಹೋಗಿ ಬಂದಿದ್ದಳು, ಮುಖಕ್ಕಿನ್ನೂ ಬಣ್ಣ ಬಂದಿರಲಿಲ್ಲ. ರಾಟೆಯ ಒಂದು ಕಡೆ ಹಿಡಿದುಕೊಂಡು, "ನನ್ನ ನಾಲಿಗೆ ಸುಟ್ಟುಹೋಗ. ನಿನ್ನ ಹೊಗಳೋಣ ಅಂತಿದ್ದೆ ಕಣೆ," ಎಂದಳು.

"ರೊಟ್ಟಿ ಚೆನ್ನಾಗಿತ್ತು ತಾನೇ ಅತ್ತಿಗೆ?"

"ಚೆನ್ನಾಗಿತ್ತು."

"ಹಾಗಾದ್ರೆ ಸರಿ. ನೋಡ್ಕೊಂಡು, ರಾಟೆ ಕಾಲು ಗೋಡೆಗೆ ತಾಗುತ್ತೆ."

ರಾಟೆಯನ್ನು ಮೆಟ್ಟಿಲ ಕೆಳಗಿಟ್ಟರು. ಕಿಟಕಿಯ ಬೆಳಕಿಗೆ ಹೊಸ ಮಗ್ಗ ಕೂತಿತ್ತು. ಅದರ ಹಸಿ ಮರದ ವಾಸನೆ ಮನೆ ತುಂಬಿತ್ತು. ಬಾಸ್ಟಿಯನ್ ಅದರಲ್ಲೇ ಕೂತು, ತಂಗಿ ಹಾದು ಹೋದಾಗಲೆಲ್ಲ ಕಡಿದೇ ಇರದ ಎಳೆಗಳನ್ನು ಹುಡುಕಿ ಗಂಟು ಹಾಕುವವನಂತೆ ಬಗ್ಗುತ್ತಿದ್ದ. ಊಟಕ್ಕೆ ಕೂತಾಗ ಅವಳ ತಟ್ಟೆಗೆ ತಾನೇ ಮಾಂಸದ ದೊಡ್ಡ ತುಂಡು ಹಾಕುತ್ತಿದ್ದ. ಅವಳು ಅದನ್ನು ಅಣ್ಣನ ದೊಡ್ಡ ಮಕ್ಕಳಿಗೆ ಹಂಚುತ್ತಿದ್ದಳು.

ಊರಿನ ಒಲೆಯ ಸರದಿ ಬಂದ ಬೆಳಿಗ್ಗೆ ಅಪ್ಪೊಲೋನಿಯಾ ಅಣ್ಣನ ಮನೆಯ ದೊಡ್ಡ ಮರಿಗೆಯಲ್ಲಿ ಹಿಟ್ಟು ನಾದಿದಳು. ಬಾರ್ಬೆಲ್ ಮಗುವನ್ನು ಸೊಂಟಕ್ಕೆ ಕಟ್ಟಿಕೊಂಡು, ಕಟ್ಟಿಟ್ಟ ರೊಟ್ಟಿಗಳಿಗೆ ಒಂದೊಂದಾಗಿ ಲಾಳಿ ಒತ್ತುತ್ತ ಬಂದಳು. ಪಕ್ಕದಲ್ಲಿ ಮಗ್ಗ ಟಕ್ ಟಕ್ ಎನ್ನುತ್ತಿತ್ತು.

ಕೊನೆಗೆ ಮರಿಗೆಯ ತಳ ಕೆರೆದರೆ ಒಂದು ಮುಷ್ಟಿ ಹಿಟ್ಟು ಸಿಕ್ಕಿತು. ಅಪ್ಪೊಲೋನಿಯಾ ಅದನ್ನು ದುಂಡಗೆ ಮಾಡಿ ಹಲಗೆಯ ತುದಿಗಿಟ್ಟಳು. ಬಾರ್ಬೆಲ್ ಲಾಳಿ ಚಾಚಿದಳು. ಅಪ್ಪೊಲೋನಿಯಾ ಅವಳ ಮಣಿಕಟ್ಟನ್ನು ಮೆಲ್ಲಗೆ ಹಿಡಿದು, ಇನ್ನೊಂದು ಕೈಯಿಂದ ಲಂಗದ ಮಡಿಕೆಯಲ್ಲಿದ್ದ ಬಿಲ್ಲೆ ತೆಗೆದಳು.

"ಅಣ್ಣ, ಈ ಚಿಕ್ಕದೊಂದಕ್ಕೆ ನಂದು ಒತ್ಲಾ?"

ಮಗ್ಗ ನಿಂತಿತು. ಬಾರ್ಬೆಲ್ ಗಂಡನ ಬೆನ್ನನ್ನು ನೋಡಿದಳು. ಅಪ್ಪೊಲೋನಿಯಾ ಬಿಲ್ಲೆಯನ್ನು ಹಿಡಿದುಕೊಂಡೇ ಕಾದಳು. ಅದರ ಕೆಳಗೆ ಹಿಟ್ಟು ಮೆಲ್ಲಗೆ ಉಬ್ಬುತ್ತಿತ್ತು.