ಒಂದು ಆಜ್ಞೆಗೆ ಒಂದೇ ಪದ

ಸರ್ಕಾರಿ ಅಚ್ಚುಕೂಟದಲ್ಲಿ ಅವಳನ್ನು ಎಲ್ಲರೂ ಪ್ರೂಫಮ್ಮ ಎಂದೇ ಕರೆಯುತ್ತಿದ್ದರು. ಮಹಡಿಯ ಮೇಲಿನ ಅದೇ ಕಿಟಕಿಯ ಪಕ್ಕ, ಅದೇ ಓರೆ ಮೇಜಿನ ಮುಂದೆ ಇಪ್ಪತ್ತಾರು ವರ್ಷ ಕೂತು ಕರಡು ತಿದ್ದಿದವಳು. ಅವಳು ತಿದ್ದಿದ ಪ್ರತಿ ಹಾಳೆಯ ಅಡಿಯಲ್ಲೂ ಸಾಸಿವೆ ಕಾಳಿನಷ್ಟು ಚಿಕ್ಕದಾಗಿ ಅವಳ ಅಂಕಿ, ನಾಲ್ಕು, ಅಚ್ಚಾಗುತ್ತಿತ್ತು. ತಪ್ಪು ಉಳಿದರೆ ಯಾರ ಕಿವಿ ಹಿಂಡಬೇಕೆಂದು ತಿಳಿಯಲು ಮಾಡಿಕೊಂಡ ಏರ್ಪಾಡು ಅದು. ಮಗಳು ಚಿಕ್ಕವಳಿದ್ದಾಗ ಗೋಡೆಗೆ ಅಂಟಿಸಿದ ಸರ್ಕಾರಿ ಕಾಗದ ಕಂಡಲ್ಲೆಲ್ಲ ಬಗ್ಗಿ ಅದನ್ನು ಹುಡುಕುವಳು. ಸಿಕ್ಕರೆ, "ಇದು ಅಮ್ಮನ ನಾಲ್ಕು" ಎಂದು ದಾರಿಹೋಕರನ್ನೆಲ್ಲ ನಿಲ್ಲಿಸಿ ತೋರಿಸುವಳು.

ಆ ಮಗಳನ್ನು ಪೊಲೀಸರು ಹಿಡಿದುಕೊಂಡು ಹೋಗಿ ಇವತ್ತಿಗೆ ಹನ್ನೊಂದು ದಿನ. ನೂಲಿನ ಗಿರಣಿಯ ಹೆಂಗಸರ ಜೊತೆ ಸೇರಿ ಕಚೇರಿಯ ಬಾಗಿಲಿಗೆ ಅಡ್ಡ ಕೂತಿದ್ದಳಂತೆ. ಎಲ್ಲಿಟ್ಟಿದ್ದಾರೆಂದು ಯಾರೂ ಬಾಯಿ ಬಿಡುತ್ತಿರಲಿಲ್ಲ. ಆದರೆ ಸರ್ಕಾರ ಹೊರಡಿಸುವ ಆಜ್ಞೆಯಲ್ಲಿ ಯಾವ ಪದ ಅಚ್ಚಾಗುತ್ತದೋ ಅದರ ಮೇಲೆ ಎಲ್ಲ ನಿಂತಿದೆ ಎಂಬುದು ಊರಿಗೇ ಗೊತ್ತಿತ್ತು. ಗಲಭೆಕೋರ ಎಂದಾದರೆ ಊರಿನ ಜೈಲು, ಮೂರು ತಿಂಗಳು, ವಾರಕ್ಕೊಮ್ಮೆ ಮುಖ ನೋಡಬಹುದು. ಬಂಡುಕೋರ ಎಂದಾದರೆ ಮೂರು ವರ್ಷ. ದ್ರೋಹಿ ಎಂದಾದರೆ ದ್ವೀಪದ ಜೈಲು. ಅಲ್ಲಿಂದ ಕಾಗದವೂ ಬರುವುದಿಲ್ಲ.

ಮನೆಯಲ್ಲಿ ಮಗಳಿಗೆ ಬೇರೆ ಪದಗಳಿದ್ದವು. ಮೊಂಡಿ, ತಲೆಹರಟೆ, ಎದುರುವಾದಿ. ಯಾಕೆ ಎಂದು ಕೇಳದೆ ಒಂದು ತುತ್ತು ನುಂಗಿದವಳಲ್ಲ. "ಇವಳ ನಾಲಿಗೆ ತುಂಡು ಮಾಡಿದ್ರೆ ಆ ತುಂಡೂ ವಾದ ಮಾಡುತ್ತೆ ಕಣೇ" ಎಂದು ಅಜ್ಜಿ ನಗುತ್ತಿದ್ದಳು. ಪ್ರೂಫಮ್ಮ ಆ ಪದಗಳನ್ನೆಲ್ಲ ಬೈಗುಳವಾಗಿ ಆಡುತ್ತಲೇ ಅವಳ ಸಿಕ್ಕುಗೂದಲು ಬಿಡಿಸುತ್ತಿದ್ದಳು.

ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಗಂಟಲಣ್ಣ ಹೊಸ ಆಜ್ಞೆ ಹಿಡಿದು ಬಂದ. ಕಚೇರಿಯಿಂದ ಬಂದ ಮೂಲವನ್ನು ಗಟ್ಟಿಯಾಗಿ ಓದುವುದು ಅವನ ಕೆಲಸ. ಅದು ಅಚ್ಚಿನ ಕರಡಿನಲ್ಲಿ ಹಾಗೇ ಇದೆಯೇ ಎಂದು ನೋಡುವುದು ಇವಳ ಕೆಲಸ.

"ಬೆಂಕಿ ಬಿದ್ದಷ್ಟು ಅವಸರವಂತೆ ತಂಗಿ. ಎರಡೇ ಹಾಳೆ. ಒಂದು ಮುಗಿದ ತಕ್ಷಣ ಕೆಳಗೆ ಇಳಿಸ್ಬೇಕಂತೆ."

"ಓದಿ ಅಣ್ಣ."

ಅವನು ಓದಿದ, ಅಲ್ಪವಿರಾಮ, ಪೂರ್ಣವಿರಾಮಗಳನ್ನೂ ಸೇರಿಸಿ, ಒಂದೇ ರಾಗದಲ್ಲಿ. ಅವಳು ಅಕ್ಷರಗಳನ್ನಷ್ಟೇ ನೋಡಿದಳು. ಅರ್ಥದ ಹಿಂದೆ ಹೋದರೆ ಅಕ್ಷರ ಕೈತಪ್ಪುತ್ತದೆ ಎಂದು ಹೊಸಬರಿಗೆಲ್ಲ ಕಲಿಸಿದವಳೇ ಅವಳು. ಈ ಹನ್ನೊಂದು ದಿನ ಅವಳಿಗೆ ಸಿಕ್ಕ ನೆಮ್ಮದಿಯೆಂದರೆ ಅದೊಂದೇ, ಏನೂ ಅರ್ಥವಾಗದ ಹಾಗೆ ಓದುವುದು.

ಎದುರಿನ ಗೋಡೆಯಲ್ಲಿ ಅವಳದೇ ಕೈಬರಹದ ಚೀಟಿ ಇತ್ತು: ಒಂದು ಆಜ್ಞೆಗೆ ಒಂದೇ ಪದ. ಹಿಂದೊಮ್ಮೆ ಒಂದೇ ಆಜ್ಞೆಯಲ್ಲಿ ಕೆರೆ ಎಂದೂ ಕಟ್ಟೆ ಎಂದೂ ಅಚ್ಚಾಗಿ ಎರಡು ಊರು ಒಂಬತ್ತು ವರ್ಷ ಕೋರ್ಟು ಅಲೆದಿದ್ದವು. ಅವತ್ತು ಅಂಟಿಸಿದ್ದು.

ಮೊದಲ ಹಾಳೆಯ ತಲೆಬರಹದಲ್ಲಿ ದ್ರೋಹಿಗಳು ಎಂಬ ಪದವಿತ್ತು. ಕೆಳಗೆ ಒಂದು ಕಡೆ ಗಲಭೆಕೋರರು, ಇನ್ನೊಂದು ಕಡೆ ಬಂಡುಕೋರರು. ಕಚೇರಿಯ ಗುಮಾಸ್ತ ನಿದ್ದೆಗಣ್ಣಲ್ಲಿ ಬರೆದನೇನೋ ಎಂದುಕೊಂಡಳು. ಕೈ ತಾನಾಗಿ ಕೆಂಪು ಶಾಯಿಯಲ್ಲಿ ಎರಡನ್ನೂ ಹೊಡೆದು, ಅಂಚಿನಲ್ಲಿ 'ತಲೆಬರಹದಂತೆ, ಎಲ್ಲೆಡೆ ಒಂದೇ' ಎಂದು ಬರೆಯಿತು. ಹಾಳೆ ಹಗ್ಗದ ಬುಟ್ಟಿಯಲ್ಲಿ ಕೆಳಗಿನ ಯಂತ್ರದ ಕೋಣೆಗೆ ಇಳಿಯಿತು.

ಊಟ ಮುಗಿಸಿ ಎತ್ತಿಕೊಂಡ ಎರಡನೆಯ ಹಾಳೆಯಲ್ಲಿ ಇಪ್ಪತ್ತಮೂರು ಹೆಸರುಗಳು. ಎಂಟು ಓದಿ ಗಂಟಲಣ್ಣ ನಿಂತುಬಿಟ್ಟ.

"ಯಾಕಣ್ಣ, ಗಂಟಲು ಒಣಗ್ತಾ?"

"ಇದನ್ನ ನೀನೇ ನೋಡ್ಕೊಳ್ಳಮ್ಮ."

ಒಂಬತ್ತನೆಯದು ಮಗಳ ಹೆಸರು. ವಯಸ್ಸು ಇಪ್ಪತ್ತೆರಡು. ಅದರ ಪಕ್ಕದಲ್ಲಿ ಗಲಭೆಕೋರ ಎಂದಿತ್ತು.

ಅವಳ ಎದೆಯಿಂದ ಹನ್ನೊಂದು ದಿನದ ಉಸಿರು ಹೊರಬಿತ್ತು. ಮೂರು ತಿಂಗಳು. ಊರಿನ ಜೈಲು. ವಾರಕ್ಕೊಮ್ಮೆ ಬಾಚಣಿಗೆ ಹಿಡಿದು ಹೋಗಬಹುದು. ಅಷ್ಟರಲ್ಲೇ ಬೆರಳಿಗೆ ಮೆತ್ತಿದ್ದ ಕೆಂಪು ಶಾಯಿ ಕಣ್ಣಿಗೆ ಬಿತ್ತು. ಗಂಟಲಣ್ಣನ ಕೈಯಿಂದ ಮೂಲವನ್ನು ಕಿತ್ತುಕೊಂಡು ಮೊದಲ ಹಾಳೆಯ ತಲೆಬರಹವನ್ನು ಈ ಸಲ ಅರ್ಥಕ್ಕಾಗಿ ಓದಿದಳು: ದ್ರೋಹಿಗಳು ಮತ್ತು ಇತರರು. ಗುಮಾಸ್ತ ನಿದ್ದೆಗಣ್ಣಲ್ಲಿ ಬರೆದಿರಲಿಲ್ಲ. ಬೇರೆ ಬೇರೆ ಶಿಕ್ಷೆಗೆ ವಿಂಗಡಿಸಿ ಬರೆದಿದ್ದ.

ಮೆಟ್ಟಿಲು ಇಳಿದದ್ದು ಅವಳಿಗೆ ನೆನಪಿಲ್ಲ.

"ಏನ್ ಪ್ರೂಫಮ್ಮ, ಅಚ್ಚುಕೂಟಕ್ಕೇ ಕಾಲು ಬಂದ ಹಾಗೆ ಓಡಿ ಬಂದ್ರಿ?" ಎಂದ ಫೋರ್ಮನ್. "ಮೊದಲ್ನೇ ಹಾಳೆ ಆಯ್ತು. ಬಾಗಿಲಲ್ಲೇ ಕಾಯ್ತಿದ್ದ ಪೇದೆ ತಗೊಂಡು ಹೋದ. ಎಲ್ಲೆಡೆ ಅಂತ ಬರೆದಿದ್ರಲ್ಲ, ನಮ್ಮ ಮೊಳೆ ಜೋಡಿಸೋರು ಎರಡನೇ ಹಾಳೇಲೂ ಬದಲಾಯಿಸಿಬಿಟ್ರು. ನೀವೇ ತಿದ್ದಿ ತೀಡಿದ ಕೈಗಳು."

"ವಾಪಸ್ ಹಾಕ್ಸಿ. ಮೊದಲಿದ್ದ ಹಾಗೇ ಹಾಕ್ಸಿ."

"ಒಂದು ಹಾಳೇಲಿ ಒಂದು, ಇನ್ನೊಂದರಲ್ಲಿ ಇನ್ನೊಂದಾ? ಕಚೇರಿ ಸಾಹೇಬರು ಹೇಳ್ಬೇಕಮ್ಮ."

ಅವಳು ಅಲ್ಲಿಂದಲೇ ಫೋನು ಮಾಡಿದಳು. ಸಾಹೇಬರ ದನಿ ಪ್ರಸನ್ನವಾಗಿತ್ತು. "ಈಗಷ್ಟೇ ಮೇಲಿನವರು ನೋಡಿದ್ರು. ವಿಂಗಡಿಸೋ ತಲೆನೋವು ತಪ್ತು, ಎಲ್ಲ ಒಂದೇ ದೋಣೀಲಿ ಹೋಗ್ಲಿ ಅಂದ್ರು."

"ಅದು ನನ್ನ ತಪ್ಪು ಸ್ವಾಮಿ."

"ತಪ್ಪಲ್ಲಮ್ಮ, ತಿದ್ದುಪಡಿ."

"ಒಂಬತ್ತನೇ ಹೆಸರು ನನ್ನ ಮಗಳದು."

"ಈ ಮಾತು ನೀವು ಆಡಿಲ್ಲ, ನಾನು ಕೇಳಿಲ್ಲ" ಎಂದು ಸಾಹೇಬರು ಫೋನು ಇಟ್ಟರು.

ಫೋರ್ಮನ್ ಕನ್ನಡಕ ತೆಗೆದು ಒರೆಸಿದ, ಮತ್ತೆ ಒರೆಸಿದ. ಮೊಳೆ ಕೀಳುವ ಚಿಮುಟ ಹಿಡಿದು ಅವಳ ಹತ್ತಿರ ಬಂದು ದನಿ ತಗ್ಗಿಸಿದ. "ನಮ್ಮಿಂದ ಆಗೋದು ಇಷ್ಟೇ. ಅಡಿಯಲ್ಲಿರೋ ನಾಲ್ಕು ಕಿತ್ತುಹಾಕ್ಲಾ ಅಕ್ಕ? ಪಟ್ಟಿಯಲ್ಲಿರೋರಿಗೆಲ್ಲ ಒಂದೊಂದು ಪ್ರತಿ ಕೈಗೆ ಕೊಡ್ತಾರೆ."

ಪ್ರತಿ ಕೈಗೆ ಕೊಡುತ್ತಾರೆಂಬುದು ಅವಳಿಗೆ ಗೊತ್ತಿತ್ತು. ಮಗಳು ಕಾಗದ ತೆಗೆದುಕೊಳ್ಳುವುದೂ, ತನ್ನ ಹೆಸರಿಗಿಂತ ಮೊದಲು ಬಗ್ಗಿ ಅಡಿಯನ್ನು ನೋಡುವುದೂ ಕಣ್ಣಿಗೆ ಕಟ್ಟಿತು. ಉಳಿದ ಇಪ್ಪತ್ತೆರಡು ಮನೆಗಳ ತಾಯಂದಿರು ಇನ್ನೂ ಗಲಭೆಕೋರ ಎಂಬ ಪದಕ್ಕಾಗಿ ಕೈಮುಗಿದು ಕಾಯುತ್ತಿರಬಹುದು.

"ಬೇಡ" ಎಂದಳು. "ಮೊದಲ್ನೇ ಹಾಳೇಲಿ ಆ ನಾಲ್ಕು ಹೋಗಾಯ್ತಲ್ಲ. ಇದರಲ್ಲಿ ಕಾಣದಿದ್ರೆ ಅದರಲ್ಲಿ ಹುಡುಕ್ತಾಳೆ."

ಯಂತ್ರ ಶುರುವಾಯಿತು. ಮೊದಲ ಪ್ರತಿ ಬಂದು ತಟ್ಟೆಯ ಮೇಲೆ ಬಿತ್ತು. ರೂಢಿಯಂತೆ ಫೋರ್ಮನ್ ಅದನ್ನು ಅವಳತ್ತ ಚಾಚಿದ. ರೂಢಿಯಂತೆ ಅವಳೂ ತೆಗೆದುಕೊಂಡು, ಬಗ್ಗಿ ಅಡಿಯನ್ನು ನೋಡಿದಳು. ನಾಲ್ಕು ಸ್ಪಷ್ಟವಾಗಿ ಮೂಡಿತ್ತು.