ಮರಿಗಳಿಗೆ ಕೇಳಿಸಬಾರದು

ಜೊಂಡು ಕೊಯ್ದದ್ದಕ್ಕೆ ಕಾವಲಿನವರು ಅವನನ್ನು ಕತ್ತಿನ ಮಟ್ಟದ ನೀರಿನಲ್ಲಿ ನಿಲ್ಲಿಸಿದರು. ಬೆಳಿಗ್ಗೆ ಇಳಿಸಿದವರು ಹೊತ್ತು ಇಳಿಯುವಾಗ ರಟ್ಟೆ ಹಿಡಿದೆಳೆದು ದಡಕ್ಕೆ ಹಾಕಿದರು. ಚಳಿಗಾಲದ ನೀರು.

ಅವನಿನ್ನೂ ನೀರಿನಲ್ಲಿರುವಾಗಲೇ ಸುದ್ದಿ ಕೇಳಿ ಹೆಂಡತಿ ಓಡಿ ಬಂದಿದ್ದಳು. ನಡಿಗೆಯಿಂದಾಗಿ ಅವಳಿಗೆ ಉದ್ದಕಾಲಿ ಎಂದು ಹೆಸರು ಬಿದ್ದಿತ್ತು. ಕೆಸರಿನಲ್ಲೇ ಹುಟ್ಟಿ ಬೆಳೆದವಳು, ಒಣನೆಲದಲ್ಲೂ ಕಾಲನ್ನು ಮೊಣಕಾಲಿನ ತನಕ ಎತ್ತೆತ್ತಿ ಇಡುತ್ತಿದ್ದಳು.

"ಅಣ್ಣಾ, ಸಾಕು, ಮೇಲೆ ಬಿಡಿ. ತುಟಿ ನೀಲಿ ಆಗ್ಬಿಟ್ಟಿದೆ."

ಕಾವಲಿನವರಲ್ಲಿ ಹಿರಿಯನನ್ನು ಎಲ್ಲರೂ ಮೀಸೆ ಅನ್ನುತ್ತಿದ್ದರು. ಅವನು ದೋಣಿಯ ಅಂಚಿನ ಮೇಲೆ ಕೂತು ಸಿಗರೇಟು ಎಳೆಯುತ್ತಿದ್ದ.

"ನೀನೇ ಅಲ್ವೇನೇ ಹಕ್ಕಿಗಳ ತಾಯಿ? ನಿನ್ನ ಗಂಡಾನೂ ಒಂದಿನ ಹಕ್ಕಿ ಆಗ್ಲಿ ಬಿಡು. ಅವು ಮೂರು ಹೊತ್ತೂ ನೀರಲ್ಲೇ ನಿಂತಿರ್ತವೆ. ಅವಕ್ಕೇನು ನೆಗಡಿ ಬರುತ್ತಾ?"

ಉಳಿದ ಕಾವಲಿನವರು ಹೊಟ್ಟೆ ಹಿಡಿದು ನಕ್ಕರು.

"ಸಾಹೇಬ್ರೇ ಹೇಳಿದ್ದು ಅಣ್ಣಾ. ಮರಿಗಳ ಗೂಡಿಗೆ ಹಸಿ ಜೊಂಡು ಬೇಕು, ನಿನ್ನ ಗಂಡನ ಕೈಲಿ ತರ್ಸು ಅಂತ."

"ಯಾವ ಸಾಹೇಬ? ಇದು ಐದು ದೇಶ ಸೇರಿ ಕಾಯೋ ನೀರು. ಒಂದು ಕಡ್ಡಿ ಮುರಿಯೋ ಹಕ್ಕು ನಿಮ್ಮಪ್ಪನಿಗೂ ಇಲ್ಲ, ನಮ್ಮಪ್ಪನಿಗೂ ಇಲ್ಲ. ಸಾಹೇಬ ಹೇಳಿದ್ರೆ ಸಾಹೇಬನ್ನೇ ಕರ್ಕೊಂಡು ಬಾ ಹೋಗು. ಅವನನ್ನೂ ಇಳಿಸ್ತೀನಿ."

ನೀರಿನಲ್ಲಿದ್ದವನ ಹಲ್ಲು ಕಟಕಟ ಅನ್ನುತ್ತಿತ್ತು. "ಲೇ, ಆ ಬೋಳಿಮಕ್ಕಳ ಕಾಲು ಹಿಡೀಬೇಡ" ಎಂದ. ಮೀಸೆ ದೋಣಿಯ ಹುಟ್ಟಿನ ತುದಿಯನ್ನು ಅವನ ನೆತ್ತಿಯ ಮೇಲಿಟ್ಟು ಒತ್ತಿದ. ತಲೆ ಮುಳುಗಿತು, ಎದ್ದಿತು. ಅವಳು ಸಾಹೇಬನನ್ನು ಹುಡುಕಿಕೊಂಡು ಓಡಿದಳು.

ಆ ಜವುಗಿನ ದಂಡೆಯಲ್ಲಿ ಜೊಂಡು ಕೊಯ್ದು ಚಾಪೆ ಹೆಣೆದು ಬದುಕಿದವರು ಅವಳ ಜನ. ಬಿಳಿ ಸಾರಸಗಳು ಅಲ್ಲೇ ಮೊಟ್ಟೆ ಇಡುತ್ತಿದ್ದವು, ಇವರೂ ಅಲ್ಲೇ ಹೆರುತ್ತಿದ್ದರು. ಸಾರಸಗಳ ಸಂತತಿ ಅಳಿಯುತ್ತಿದೆಯೆಂದು ಅವು ಹಾರಿಹೋಗುವ ದಾರಿಯ ಐದು ದೇಶಗಳೂ ಕೂಡಿ ಒಪ್ಪಂದ ಮಾಡಿಕೊಂಡವು. ತಂತಿ ಬೇಲಿ ಬಂತು. ಗುಡಿಸಲು ಕಿತ್ತರು. ಬೇಲಿಯಾಚೆ ತಗಡಿನ ಶೆಡ್ಡುಗಳನ್ನು ಸಾಲಾಗಿ ನಿಲ್ಲಿಸಿ, ಮರಿ ಸಾಕುವ ಕೇಂದ್ರದಲ್ಲಿ ಕೂಲಿ ಮಾಡುವವರಿಗಷ್ಟೇ ಬೀಗದ ಕೈ ಕೊಟ್ಟರು.

ಉದ್ದಕಾಲಿಯ ಕೂಲಿಯೆಂದರೆ ಸಾರಸ ಆಗುವುದು. ಬೇರೆ ದೇಶದಿಂದ ವಿಮಾನದಲ್ಲಿ ಬಂದ ಮೊಟ್ಟೆ ಇಲ್ಲಿ ಶಾಖದ ಪೆಟ್ಟಿಗೆಯಲ್ಲಿ ಒಡೆಯುತ್ತಿತ್ತು. ಮರಿಗಳು ಮನುಷ್ಯರ ಮುಖ ನೋಡಬಾರದು, ದನಿ ಕೇಳಬಾರದು. ಕೇಳಿದರೆ ಮನುಷ್ಯರಿಗೆ ಅಂಟಿಕೊಳ್ಳುತ್ತವೆ, ಕಾಡಿಗೆ ಬಿಡಲು ಬರುವುದಿಲ್ಲ. ಅದಕ್ಕೇ ನೆತ್ತಿಯಿಂದ ಪಾದದವರೆಗೆ ಬಿಳಿ ನಿಲುವಂಗಿ, ಕಣ್ಣಿನ ಜಾಗಕ್ಕೆ ಜಾಲರಿ, ಬಲಗೈಯಲ್ಲಿ ಕೋಲಿಗೆ ಸಿಕ್ಕಿಸಿದ ಸಾರಸದ ತಲೆ. ಒಳಗಿನ ಹಿಡಿ ಒತ್ತಿದರೆ ಕೊಕ್ಕು ತೆರೆದು ಮುಚ್ಚುತ್ತಿತ್ತು. ಎಷ್ಟೋ ಹೆಂಗಸರಿಗೆ ಈ ವೇಷ ಹಾಕಿ ನೋಡಿದ್ದರು. ಮರಿಗಳು ಒಪ್ಪಿದ್ದು ಉದ್ದಕಾಲಿಯ ನಡಿಗೆಯನ್ನು ಮಾತ್ರ. ಅವಳಿಲ್ಲದ ದಿನ ಮೀನು ಮೂಸಿಯೂ ನೋಡುತ್ತಿರಲಿಲ್ಲ.

ಸಾಹೇಬ, ಅಂದರೆ ಕೇಂದ್ರದ ಮೇಲ್ವಿಚಾರಕ, ಕನ್ನಡಿಯ ಮುಂದೆ ಟೈ ಕಟ್ಟುವುದನ್ನು ಅಭ್ಯಾಸ ಮಾಡುತ್ತಿದ್ದ. ಮೂರನೆಯ ದಿನಕ್ಕೆ ಐದೂ ದೇಶದವರು ಬರುವವರಿದ್ದರು.

"ನೀವೇ ಹೇಳಿದ್ದು ಅಂತ ಒಂದು ಮಾತು ಅಂದ್ಬಿಡಿ ಸಾಹೇಬ್ರೇ. ಬಿಟ್ಬಿಡ್ತಾರೆ."

"ನಾನೇನು ಹೇಳ್ದೆ? ಹಸಿ ಜೊಂಡು ಬೇಕು ಅಂದೆ. ಕೊಯ್ಯಿ ಅಂದ್ನಾ?"

ಅವಳಿಗೆ ತಲೆಬುಡ ತಿಳಿಯಲಿಲ್ಲ. ಜೊಂಡು ಬೇಕು ಅಂದರೆ ಕೊಯ್ದು ತರುವುದು ಅಂತಲೇ ಅವಳಜ್ಜಿಯ ಕಾಲದಿಂದಲೂ ಅರ್ಥ.

"ಕೊಯ್ಯದೆ ಹೆಂಗೆ ಬರುತ್ತೆ ಸಾಹೇಬ್ರೇ? ಆಕಾಶದಿಂದ ಉದುರುತ್ತಾ?"

"ಬಾಯಿ ಹೆಚ್ಚಾಯ್ತು. ಬಂದೋರ ಮುಂದೆ ಕೇಂದ್ರದೋರೇ ಜೊಂಡು ಕದ್ರು ಅನ್ನಿಸ್ಕೊಳ್ಳೋಕೆ ನನಗೆ ಹುಚ್ಚಾ? ನಡಿ, ಮರಿಗಳಿಗೆ ಹೊತ್ತಾಯ್ತು."

ಮಧ್ಯಾಹ್ನ ಹಿಂಬಾಗಿಲಿಗೆ ಕೈಗಾಡಿ ಬಂತು. ಮೀಸೆಯ ಕಡೆಯವನೊಬ್ಬ ವಶಪಡಿಸಿಕೊಂಡ ಜೊಂಡಿನ ಹೊರೆ ಇಳಿಸಿ, ಸಾಹೇಬನಿಗೆ ಸಲಾಮು ಹೊಡೆದು ಹೋದ.

"ಬಂದಿದ್ದು ಬಂದಾಯ್ತು, ಸುಮ್ನೆ ಒಣಗೋದ್ಯಾಕೆ? ಗೂಡಿಗೆ ಹರಡು" ಎಂದ ಸಾಹೇಬ.

ಹೊರೆಗೆ ಬಿಗಿದಿದ್ದ ಗಂಟು ಅವಳ ಗಂಡನದು. ಎಡಗೈಯವನು, ಉಲ್ಟಾ ಬಿಗಿಯುತ್ತಿದ್ದ. ಅವಳು ವೇಷದೊಳಗೆ ನಿಂತು ಗಂಟು ಬಿಚ್ಚಿ ಜೊಂಡು ಹರಡಿದಳು. ಮರಿಗಳು ಕುಣಿದಾಡಿದವು.

ಆ ರಾತ್ರಿ ಶೆಡ್ಡಿನಲ್ಲಿ ಅವನು ಇದ್ದಬದ್ದ ಗೋಣಿಯನ್ನೆಲ್ಲ ಹೊದ್ದು ನಡುಗುತ್ತಿದ್ದ. ಕೆಮ್ಮಿದರೆ ತಗಡಿನ ಗೋಡೆಯೂ ಜೊತೆಗೆ ಅದುರುತ್ತಿತ್ತು. ಅವನ ತಂಗಿ ಎದೆ ಉಜ್ಜುತ್ತ ಕೂತಿದ್ದಳು. ಬಾಯಿ ಜೋರಿನ ಹೆಣ್ಣು. ಅವಳು ಮಾತಾಡಿದರೆ ಸಾಲಿನ ಕೊನೆಯ ಶೆಡ್ಡಿಗೂ ಕೇಳುತ್ತಿತ್ತು.

"ಅತ್ತಿಗೆ, ನಿಮ್ಮ ಕೇಂದ್ರದಲ್ಲಿ ಡಾಕ್ಟ್ರು ಇದಾನಲ್ಲ. ಕರ್ಕೊಂಡು ಬಾ."

"ಅವನು ಹಕ್ಕಿ ಡಾಕ್ಟ್ರು ಕಣೇ."

"ಹಕ್ಕಿಗೆ ಎದೆ ಇಲ್ವಾ? ಕಫ ಕಟ್ಟಲ್ವಾ? ಸೂಜಿ ಚುಚ್ಚೋಕೇನು ರೋಗ ಅವನಿಗೆ?"

ಅವನು ಗೋಣಿಯೊಳಗಿಂದಲೇ ನಕ್ಕ. "ಆ ನಿಲುವಂಗಿ ಮನೆಗೆ ತಗೊಂಡು ಬಾರೇ. ಹಾಕ್ಕೊಂಡು ಮಲಗ್ತೀನಿ. ವಿಮಾನದಲ್ಲೇ ಬರ್ತಾನೆ ಡಾಕ್ಟ್ರು."

"ಕೊಕ್ಕೂ ಕಟ್ಲಾ?" ಎಂದಳು ಉದ್ದಕಾಲಿ.

"ಕಟ್ಟು. ಆ ಮೀಸೆ ಕಣ್ಣು ಕುಕ್ತೀನಿ." ನಗುತ್ತಲೇ ಕೆಮ್ಮು ಹತ್ತಿತು. ಕೆಮ್ಮು ನಿಂತಾಗ ನಗು ಉಳಿದಿರಲಿಲ್ಲ. ಅವಳ ಕೈ ಹಿಡಿದುಕೊಂಡು, "ನಾಳೆ ಹೋಗ್ಬೇಡ" ಎಂದ. ಮದುವೆಯಾದಾಗಿನಿಂದ ಅವನು ಅವಳನ್ನು ಏನನ್ನೂ ಬೇಡಿದವನಲ್ಲ.

"ರಜ ಕೇಳ್ಕೊಂಡು ಬಂದ್ಬಿಡ್ತೀನಿ. ಹೋದಷ್ಟೇ ಬೇಗ" ಎಂದಳು.

ಬೆಳಿಗ್ಗೆ, ರಜ ಯಾಕೆಂದು ಸಾಹೇಬ ಕೇಳಿದಾಗ ಇದ್ದದ್ದು ಇದ್ದಂತೆ ಹೇಳಿಬಿಟ್ಟಳು. ಜ್ವರ, ಕೆಮ್ಮು, ಎದೆ ಗೊರಗೊರ ಅನ್ನುತ್ತದೆ.

ಸಾಹೇಬ ಕುರ್ಚಿ ಹಿಂದಕ್ಕೆ ಸರಿಸಿ ಕರವಸ್ತ್ರ ಮೂಗಿಗೆ ಹಿಡಿದ. "ಕೆಮ್ಮಾ? ರಾತ್ರಿಯೆಲ್ಲ ಅವನ ಪಕ್ಕ ಮಲಗಿದ್ಯಾ? ಥೂ ದರಿದ್ರದವಳೇ, ಅದೇ ಉಸಿರು ಇಟ್ಕೊಂಡು ಕೇಂದ್ರದೊಳಗೆ ಬಂದ್ಯಾ? ಮರಿಗೆ ತಗುಲಿದ್ರೆ ಯಾರು ಉತ್ತರ ಕೊಡೋದು, ನೀನಾ?"

"ಅದಕ್ಕೇ ಸಾಹೇಬ್ರೇ, ಮನೇಲೇ ಇರ್ತೀನಿ."

"ನೀನಿಲ್ದೆ ಮರಿ ತಿನ್ನುತ್ತಾ? ಬಂದೋರಿಗೆ ಹಸಿದ ಮರಿ ತೋರಿಸ್ಲಾ?"

ಅವಳ ಸೀರೆಯನ್ನು ಅಂಗಳದಲ್ಲಿ ಸುಡಿಸಿದ. ಕೊಟ್ಟಿಗೆ ತೊಳೆಯುವ ಮದ್ದಿನ ನೀರನ್ನು ತಲೆಯ ಮೇಲಿಂದ ಸುರಿಸಿದ. ಕಣ್ಣು ಉರಿದು ಹೋಯಿತು. ಹಕ್ಕಿ ಡಾಕ್ಟರು ಬಂದು ನಾಲಿಗೆ ನೋಡಿ, ಗಂಟಲಿಗೆ ಹತ್ತಿಯ ಕಡ್ಡಿ ಹಾಕಿ ತಿರುವಿದ. ಅವಳು ಅವನ ಕಾಲಿಗೆ ಬಿದ್ದು, "ಅಪ್ಪಾ, ಒಂದ್ಸಲ ಅವನನ್ನೂ ನೋಡಿ, ಇಲ್ಲೇ ಬೇಲಿ ಪಕ್ಕ" ಅಂದಳು. ಅವನು ಸಾಹೇಬನ ಕಡೆ ನೋಡಿದ. ಸಾಹೇಬ ಬೇಡವೆಂದು ತಲೆಯಾಡಿಸಿದ. "ನಾನು ಆ ಕಡೆ ಹೋದ್ರೆ ವಾಪಸ್ಸು ಮರಿ ಮುಟ್ಟೋ ಹಾಗಿಲ್ಲಮ್ಮ" ಎಂದು ಕೈಚೀಲ ಎತ್ತಿಕೊಂಡು ಹೋದ.

ಅವಳನ್ನು ಮೀನಿನ ಉಗ್ರಾಣದೊಳಗೆ ಹಾಕಿ ಹೊರಗಿನಿಂದ ಚಿಲಕ ಹಾಕಿದರು.

"ಬಂದೋರು ಹೋಗೋವರೆಗೂ ಇಲ್ಲೇ. ಹೊರಗೆ ಕಾಲಿಟ್ರೆ ಕೆಲಸಾನೂ ಇಲ್ಲ, ಶೆಡ್ಡೂ ಇಲ್ಲ. ಆ ಕೆಮ್ಮೋನನ್ನ ಎತ್ಕೊಂಡು ಎಲ್ಲಿಗೆ ಹೋಗ್ತೀಯೋ ಹೋಗು."

ಅವಳು ಇದ್ದಳು. ತಗಡಿನ ಸೂರಾದರೂ ಅವನ ತಲೆಯ ಮೇಲೆ ಇರಲಿ ಎಂದು ಇದ್ದಳು. ಹೊತ್ತು ಹೊತ್ತಿಗೆ ವೇಷ ತೊಡಿಸಿ ಮರಿಗಳ ಬಳಿ ಬಿಡುತ್ತಿದ್ದರು, ಮತ್ತೆ ತಂದು ಚಿಲಕ ಹಾಕುತ್ತಿದ್ದರು. ಎಲ್ಲಕ್ಕಿಂತ ಸಣ್ಣ ಮರಿ ಮಾತ್ರ ಹೊಟ್ಟೆ ತುಂಬಿದ ಮೇಲೂ ಅವಳ ನಿಲುವಂಗಿಯೊಳಗೆ ನುಸುಳಿ ಪಾದದ ಮೇಲೆ ಮಲಗಿಬಿಡುತ್ತಿತ್ತು. ಬೆಚ್ಚಗಿರುತ್ತಿತ್ತು. ಆಗ ಮಾತ್ರ ಅವಳಿಗೆ ಮೈ ಹತ್ತಿ ಉರಿಯುತ್ತಿತ್ತು. ಒದ್ದುಬಿಡಲೇ ಅನ್ನಿಸುತ್ತಿತ್ತು. ಒದೆಯಲಿಲ್ಲ.

ಅತಿಥಿಗಳು ಬಂದಾಗ ಅವಳನ್ನು ವೇಷದಲ್ಲೇ ಅಂಗಳದಲ್ಲಿ ನಿಲ್ಲಿಸಿದರು. ಐದು ಬಾವುಟಗಳ ಕೆಳಗೆ ಸಾಹೇಬ ಭಾಷಣ ಮಾಡಿದ. "ಈ ಹಕ್ಕಿಗೆ ಗಡಿ ಗೊತ್ತಿಲ್ಲ. ನಮ್ಮ ಸ್ನೇಹಕ್ಕೂ ಗಡಿ ಇಲ್ಲ." ಚಪ್ಪಾಳೆ. ಯಾರೋ ಕೇಳಿದರು, ಇಲ್ಲಿದ್ದ ಜನ ಏನಾದರು ಎಂದು. "ಮನಸಾರೆ ಜಾಗ ಬಿಟ್ಟುಕೊಟ್ಟರು. ಈಗ ನಮ್ಮ ಜೊತೆಗೇ ಇದ್ದಾರೆ." ಇನ್ನೊಂದು ಚಪ್ಪಾಳೆ.

ಬಿಳಿಕೂದಲಿನ ಒಬ್ಬ ಹೆಂಗಸು ಹತ್ತಿರ ಬಂದಳು. ಅವಳ ಕಣ್ಣು ತುಂಬಿತ್ತು. ದುಭಾಷಿ ಹೇಳಿದ, "ಒಳಗಿರೋರ ಹೆಸರೇನು ಅಂತ ಕೇಳ್ತಿದಾರೆ."

"ಹೆಸರಿನ ಪದ್ಧತಿ ಇಲ್ಲ ಮೇಡಂ, ಇಲ್ಲಿ ಎಲ್ಲರೂ ತಾಯಂದಿರೇ" ಎಂದ ಸಾಹೇಬ. ಆಕೆ ಕೈ ಚಾಚಿದಾಗ ನಡುವೆ ಬಂದು ತಡೆದ. "ಮುಟ್ಬೇಡಿ. ಇವರಿಂದ ಸೋಂಕು."

ಮರಿಮನೆಯ ಒಂದು ಗೋಡೆ ಕಪ್ಪು ಗಾಜು. ಅತಿಥಿಗಳು ಗಾಜಿನಾಚೆ ಕತ್ತಲೆಯಲ್ಲಿ ಕೂತರು. ಅವಳನ್ನು ಈಚೆ ಒಳಗೆ ಬಿಟ್ಟರು. ಹಿಂಬದಿಗೆ, ಹೊರಗಿನ ಜನ ಮರಿಗಳ ಕಣ್ಣಿಗೆ ಬೀಳದಂತೆ ಚಾಪೆ ಕಟ್ಟಿದ ಬೇಲಿ. ಚಾಪೆ ಅಲುಗಿತು. ಅಂಚು ಸರಿದ ಸಂದಿಯಲ್ಲಿ ನಾದಿನಿಯ ಮುಖ ಕಂಡಿತು.

ಅವಳ ಬಾಯಿಯನ್ನು ಮೀಸೆಯ ಅಂಗೈ ಮುಚ್ಚಿತ್ತು. ಅವನ ಬೆರಳ ಸಂದಿಯಿಂದ ಎಂಜಲು ಇಳಿಯುತ್ತಿತ್ತು. ಅಷ್ಟು ಬಾಯಿ ಜೋರಿನವಳಿಂದ ಒಂದು ಕುಂಯ್ ಕೂಡ ಹೊರಡದಂತೆ ಅವನು ಒತ್ತಿ ಹಿಡಿದಿದ್ದ. ನಾದಿನಿ ಒದ್ದಾಡುವುದನ್ನು ನಿಲ್ಲಿಸಿದಳು. ಅತ್ತಿಗೆಯನ್ನೇ ನೋಡುತ್ತ ಒಂದು ಕೈ ಬಿಡಿಸಿಕೊಂಡು, ಎರಡು ಬೆರಳಿನಿಂದ ತನ್ನ ರೆಪ್ಪೆಗಳನ್ನು ಮೇಲಿನಿಂದ ಕೆಳಗೆ ಸವರಿ ಮುಚ್ಚಿದಳು. ಹೆಣದ ಕಣ್ಣು ಮುಚ್ಚಿಸುವಂತೆ.

ಮೀಸೆ ಅವಳನ್ನು ಎಳೆದುಕೊಂಡು ಹೋದ. ಚಾಪೆ ಮತ್ತೆ ನೆಟ್ಟಗಾಯಿತು.

ಉದ್ದಕಾಲಿ ನಿಂತೇ ಇದ್ದಳು. ಬೆನ್ನ ಹಿಂದಿನ ಕಿಂಡಿ ತೆರೆಯಿತು. ಸಾಹೇಬನ ಪಿಸುದನಿ, ಗಾಳಿಗಿಂತ ಮೆಲ್ಲಗೆ: "ನನಗೂ ಗೊತ್ತಾಯ್ತು. ಆಮೇಲೆ ಅಳು. ಹೆಣ ಎಲ್ಲಿಗೂ ಓಡಿ ಹೋಗಲ್ಲ. ಮೀನು ಕೊಡು."

ಕಾಲು ತಾನಾಗಿ ಎದ್ದಿತು. ಮೊಣಕಾಲಿನ ತನಕ ಎತ್ತಿ ಇಟ್ಟಳು, ಮತ್ತೊಂದನ್ನು ಎತ್ತಿದಳು. ಮರಿಗಳು ಹಿಂದೆ ಸಾಲುಗಟ್ಟಿದವು. ಬೋಗುಣಿಯಿಂದ ಮೀನು ಎತ್ತಿದಳು, ಕೊಟ್ಟಳು. ಸಣ್ಣದಕ್ಕೆ ಬಗ್ಗಿ ಕೊಟ್ಟಳು. ಜಾಲರಿಯ ಒಳಭಾಗ ಒದ್ದೆಯಾಗಿ ಮುಖಕ್ಕೆ ಅಂಟಿ ಉಸಿರು ಕಟ್ಟಿತು. ಹಲ್ಲಿನಲ್ಲಿ ನಿಲುವಂಗಿಯ ಬಟ್ಟೆ ಕಚ್ಚಿಕೊಂಡಿದ್ದಳು. ಬೋಗುಣಿ ಬರಿದಾಗುವ ತನಕ ಒಂದು ಸೊಲ್ಲೂ ಹೊರಗೆ ಬರಲಿಲ್ಲ. ಗಾಜಿನಾಚೆ ಮೆತ್ತಗೆ ಚಪ್ಪಾಳೆಯಾಯಿತು.

ಬಾಗಿಲಿನ ಕಡೆ ತಿರುಗಿದಳು. ಬಾಗಿಲು ತೆರೆಯಲಿಲ್ಲ. ಕಿಂಡಿಯಿಂದ ಮೀನು ತುಂಬಿದ ಇನ್ನೊಂದು ಬೋಗುಣಿ ಒಳಗೆ ಸರಿಯಿತು.

"ಇನ್ನೊಂದ್ಸಲ. ಮೇಡಮ್ಮೋರ ಕ್ಯಾಮೆರಾ ಆನ್ ಆಗಿರ್ಲಿಲ್ವಂತೆ. ಮೊದ್ಲಿಂದ ಮಾಡು."

ಅವಳು ಅಲುಗಲಿಲ್ಲ.

"ಕೇಳಿಸ್ತಾ? ಈ ಸಲ ಸ್ವಲ್ಪ ಜಾಸ್ತಿ ಬಗ್ಗು. ಪ್ರೀತಿಯಿಂದ ಮಾಡೋ ಹಾಗೆ ಕಾಣ್ಲಿ."

ಅವಳು ಕೋಲನ್ನು ನೆಲಕ್ಕೆ ಬಿಟ್ಟಳು. ಸಾರಸದ ತಲೆ ಜೊಂಡಿನ ಮೇಲೆ ಬಾಯಿ ತೆರೆದುಕೊಂಡು ಬಿತ್ತು. ಎರಡೂ ಕೈಯಿಂದ ಜಾಲರಿ ಹಿಡಿದು ಮುಸುಕನ್ನು ನೆತ್ತಿಯಿಂದ ಕಿತ್ತಳು. ಮದ್ದಿನ ನೀರಿಗೆ ಕೆಂಪೇರಿದ ಮುಖ, ಅಂಟಿದ ಕೂದಲು, ತೆರೆದ ಬಾಯಿ. ಮರಿಗಳು ಬೆಚ್ಚಿ ಮೂಲೆಗೆ ಒತ್ತಿಕೊಂಡವು. ಗಾಜಿನಾಚೆ ಕುರ್ಚಿಗಳು ದಡಬಡ ಸರಿದವು.

"ಏಯ್ ಮುಂಡೇ, ಮುಸುಕು! ಮುಸುಕು ಹಾಕ್ಕೊಳ್ಳೇ!" ಪಿಸುಗುಟ್ಟುವುದನ್ನು ಸಾಹೇಬನೂ ಮರೆತಿದ್ದ.

"ಹಾಕ್ಕೊಳ್ಳಲ್ಲ" ಎಂದಳು ಉದ್ದಕಾಲಿ. ಕಪ್ಪು ಗಾಜಿನ ಕಡೆ ತಿರುಗಿ ಜೊಂಡಿನ ಮೇಲೆ ಕಾಲು ಚಾಚಿ ಕೂತಳು. ಎದೆಗೆ ಹೊಡೆದುಕೊಂಡು, ಗಂಡನನ್ನು ಕರೆದು, ಶೆಡ್ಡುಗಳ ಸಾಲಿಗೂ ಕೇಳುವಂತೆ ದನಿ ತೆಗೆದು ಅಳತೊಡಗಿದಳು.

"ಬಾಯಿ ಮುಚ್ಚೇ! ಮರಿಗಳಿಗೆ ಕೇಳುತ್ತೆ!"

ಅವಳು ಉಸಿರು ಎಳೆದುಕೊಳ್ಳುವಷ್ಟು ಮಾತ್ರ ನಿಲ್ಲಿಸಿದಳು.

"ಕೇಳ್ಲಿ."