ಸಾಯಂಕಾಲದ ಖಾನೆ

ಡಾಕ್ಟರಮ್ಮ ರೋಗಿಗಳ ಬಿಪಿ ಲೆಕ್ಕ ಇಡುವ ಆಪನ್ನು ಆರಿಸಿದ್ದು ಅಳೆದೂ ಸುರಿದೂ. ಅಂಗಡಿಯ ಕಪಾಟನ್ನೆಲ್ಲ ಕೆಳಗಿಳಿಸುವ ಗಿರಾಕಿ ಕೂಡ ಅಷ್ಟು ಕೊಂಕು ತೆಗೆಯುವುದಿಲ್ಲ. ಒಂದು ಆಪು ಶುರುವಿಗೇ ಫೋನಿನಲ್ಲಿರುವ ಎಲ್ಲರ ನಂಬರು ಕೇಳಿತು. ರಕ್ತದೊತ್ತಡಕ್ಕೂ ಭಾವಮೈದುನನ ನಂಬರಿಗೂ ಏನು ಸಂಬಂಧ ಎಂದು ಅದನ್ನು ಕಿತ್ತುಹಾಕಿದಳು. ಇನ್ನೊಂದು, ಕ್ಯಾಮೆರಾದ ಮೇಲೆ ಬೆರಳಿಟ್ಟರೆ ಸಾಕು, ಬಿಪಿ ಹೇಳಿಬಿಡುತ್ತೇನೆ ಎಂದಿತು. ಆಕೆ ಬೆರಳಿನ ಬದಲು ಬದನೆಕಾಯಿ ಇಟ್ಟಳು. ನೂರಿಪ್ಪತ್ತು–ಎಂಬತ್ತು, ಹೀಗೇ ಮುಂದುವರಿಸಿ ಎಂದು ಅದು ಬದನೆಕಾಯಿಯ ಬೆನ್ನು ತಟ್ಟಿತು. ಮೂರನೆಯದರ ತುಂಬ ತೂಕ ಇಳಿಸುವ ಪುಡಿಯ ಜಾಹೀರಾತು.

ಕೊನೆಗೆ ಮನಸ್ಸಿಗೆ ಒಪ್ಪುವಂಥದ್ದು ಒಂದು ಸಿಕ್ಕಿತು. ದಪ್ಪ ಅಕ್ಷರ, ಪುಕ್ಕಟೆ, ದಿನಕ್ಕೆ ಎರಡೇ ಖಾನೆ: ಬೆಳಿಗ್ಗೆ, ಸಾಯಂಕಾಲ. ಮನೆಯಲ್ಲಿ ಯಂತ್ರ ಕಟ್ಟಿ ಅಳೆದು ಅಂಕಿ ತುಂಬಿದರೆ, ಅದು ಡಾಕ್ಟರಮ್ಮನ ಫೋನಿನಲ್ಲಿ ಏರಿಳಿಯುವ ಗೆರೆಯಾಗಿ ಮೂಡುತ್ತಿತ್ತು. ರೋಗಿಗಳು ಬಂದು ಕೂತರೆ ಆಕೆ ಮೊದಲು ನೋಡುತ್ತಿದ್ದದ್ದು ಗೆರೆಯನ್ನು, ಆಮೇಲೆ ಮುಖವನ್ನು. ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ. ಇಪ್ಪತ್ತೈದು ವರ್ಷದಿಂದ ರೋಗಿಗಳ ಸುಳ್ಳು ಕೇಳಿ ಕೇಳಿ ಆಕೆಗೆ ಸಾಕಾಗಿತ್ತು. ಮಾತ್ರೆ ತಪ್ಪಿಸಿಲ್ಲ ಅನ್ನುವವರು, ಉಪ್ಪು ಮುಟ್ಟಿಲ್ಲ ಅನ್ನುವವರು, ಸಿಗರೇಟು ಬಿಟ್ಟೆ ಎಂದು ಹೊಗೆ ವಾಸನೆಯ ಬಾಯಲ್ಲೇ ಆಣೆ ಹಾಕುವವರು. ಗೆರೆಯಾದರೂ ಸುಳ್ಳು ಹೇಳುವುದಿಲ್ಲವಲ್ಲ ಎಂಬುದು ಆಕೆಯ ನೆಮ್ಮದಿ.

ಆ ನೆಮ್ಮದಿಯನ್ನು ಕೆಡಿಸಿದವನು ಬೋರ್ಡಣ್ಣ. ಅಂಗಡಿಗಳ ಬೋರ್ಡು ಬರೆಯುವವನು, ಅರವತ್ತು ದಾಟಿದವನು. ಈಗೆಲ್ಲ ಯಂತ್ರದಲ್ಲೇ ಅಚ್ಚಾಗಿ ಬರುವ ಬೋರ್ಡುಗಳ ಮಧ್ಯೆಯೂ ಕೈಬರಹವೇ ಬೇಕೆನ್ನುವ ಹಳೆಯ ಅಂಗಡಿಯವರು ಅವನನ್ನು ಬಿಟ್ಟಿರಲಿಲ್ಲ. ಅವನ ಗೆರೆ ವಿಚಿತ್ರವಾಗಿತ್ತು. ಬೆಳಿಗ್ಗೆ ನೂರಿಪ್ಪತ್ತರ ಆಸುಪಾಸು, ಸಾಯಂಕಾಲ ನೂರೆಂಬತ್ತು. ಮೂರು ತಿಂಗಳಿಂದ ದಿನವೂ ಇದೇ ಕಥೆ. ಡಾಕ್ಟರಮ್ಮ ಮಾತ್ರೆ ಹೆಚ್ಚಿಸಿದಳು. ಸಾಯಂಕಾಲ ಇಳಿಯಲಿಲ್ಲ. ಎರಡನೇ ಮಾತ್ರೆ ಸೇರಿಸಿದಳು. ಬೆಳಗಿನದು ಪಾತಾಳಕ್ಕೆ ಇಳಿಯಿತು, ಸಾಯಂಕಾಲದ್ದು ಜಪ್ಪಯ್ಯ ಅಂದರೂ ಕದಲಲಿಲ್ಲ. ಒಂದು ದಿನ ಬೋರ್ಡಣ್ಣ ಕಣ್ಣು ಕತ್ತಲೆ ಬಂದು ಏಣಿಯ ಮೂರನೇ ಮೆಟ್ಟಿಲಿನಿಂದ ಜಾರಿ ಮಣಿಕಟ್ಟು ಉಳುಕಿಸಿಕೊಂಡ. ಮೂರನೆಯದಾದ್ದರಿಂದ ಬದುಕಿದ. ಹದಿಮೂರನೆಯದಾಗಿದ್ದರೆ?

"ಸಾಯಂಕಾಲದ್ದು ಹತೋಟಿಗೆ ಬರೋವರೆಗೂ ಏಣಿ ಮುಟ್ಟಬೇಡಿ" ಎಂದು ಅಪ್ಪಣೆಯಾಯಿತು.

"ಏಣಿ ಬಿಟ್ರೆ ನಾನು ಯಾರು ಡಾಕ್ಟರೇ? ನೆಲದ ಮೇಲೆ ಯಾರು ಬೋರ್ಡು ಹಾಕಿಸ್ತಾರೆ?"

"ಹಾಗಾದ್ರೆ ನಿಜ ಹೇಳಿ. ಕೆಲಸ ಮುಗಿಸಿ ಮನೆಗೆ ಹೋಗೋ ಮುಂಚೆ ಕುಡಿತೀರಾ?"

ಬೋರ್ಡಣ್ಣ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಮೌನಂ ಸಮ್ಮತಿ ಲಕ್ಷಣಂ ಎಂದು ಡಾಕ್ಟರಮ್ಮ ತೀರ್ಮಾನಿಸಿಬಿಟ್ಟಳು.

ಎರಡು ತಿಂಗಳು ಬೋರ್ಡಣ್ಣ ನೆಲದ ಮೇಲೇ ಉಳಿದ. ಬಾಗಿಲಿಗೆ, ಗಾಡಿಗಳ ನಂಬರಿಗೆ ಬಣ್ಣ ಬಳಿದು ದಿನ ದೂಡಿದ. ಆಮೇಲೆ ಔಷಧಿ ಅಂಗಡಿಯವನು, ಮೂರನೇ ಮಹಡಿಯ ಎತ್ತರಕ್ಕೆ ಬೋರ್ಡು ಬೇಕು, ಈ ವಾರವೇ ಹೇಳು, ನಿನ್ನ ಕೈಲಾಗದಿದ್ದರೆ ಅಚ್ಚಿನದ್ದೇ ತರಿಸುತ್ತೇನೆ ಎಂದ. ಬೋರ್ಡಣ್ಣ ಸ್ವಾಭಿಮಾನ ನುಂಗಿಕೊಂಡು ಮತ್ತೆ ಕ್ಲಿನಿಕ್ಕಿಗೆ ಬಂದ.

"ಒಂದು ಕೆಲಸ ಮಾಡೋಣ" ಎಂದಳು ಡಾಕ್ಟರಮ್ಮ. "ನಾಳೆ ಕೆಲಸ ಮುಗಿದ ಕೂಡಲೇ ಸೀದಾ ಇಲ್ಲಿಗೆ ಬನ್ನಿ. ಮನೆಗೆ ಹೋಗಬೇಡಿ, ಎಲ್ಲಿಗೂ ಹೋಗಬೇಡಿ. ನಾನೇ ಅಳೀತೀನಿ." ಕಳ್ಳನನ್ನು ಮಾಲು ಸಮೇತ ಹಿಡಿಯುವ ಉಪಾಯ ಅದು. ಬೋರ್ಡಣ್ಣನಿಗೂ ಅರ್ಥವಾಗದೆ ಇರಲಿಲ್ಲ.

ಮರುದಿನ ಏಳು ಗಂಟೆಗೆ ಅವನು ಬಂದ. ಉಗುರಿನ ಸಂದಿಯಲ್ಲಿ ನೀಲಿ ಬಣ್ಣ, ಮೈಯಲ್ಲಿ ಟರ್ಪೆಂಟೈನಿನ ವಾಸನೆ, ಬೇರೆ ಯಾವ ವಾಸನೆಯೂ ಇಲ್ಲ. ಡಾಕ್ಟರಮ್ಮ ಪಟ್ಟಿ ಸುತ್ತಿ, ಕಿವಿಗೆ ಸ್ಟೆತಾಸ್ಕೋಪು ಹಚ್ಚಿ, ಗಾಳಿ ಬಿಟ್ಟಳು. ನೂರಾ ಎಂಟು–ಎಪ್ಪತ್ತು. ನಂಬಿಕೆಯಾಗದೆ ಇನ್ನೊಂದು ತೋಳಿಗೆ ಸುತ್ತಿದಳು. ಅಷ್ಟೇ.

ಪಟ್ಟಿ ಬಿಚ್ಚುವಷ್ಟರಲ್ಲಿ ಮೇಜಿನ ಮೇಲಿದ್ದ ಅವಳ ಫೋನು ಟಿಣ್ ಎಂದಿತು. ಬೋರ್ಡಣ್ಣನ ಹೆಸರು, ಇವತ್ತಿನ ತಾರೀಕು, ಸಾಯಂಕಾಲ: ನೂರ ಎಂಬತ್ತನಾಲ್ಕು–ನೂರಾ ಎರಡು.

ಡಾಕ್ಟರಮ್ಮ ಫೋನು ನೋಡಿದಳು, ಎದುರಿಗಿದ್ದ ತೋಳು ನೋಡಿದಳು.

"ನಿಮ್ಮ ಫೋನ್ ಎಲ್ಲಿ?"

"ಮನೇಲಿ. ಹಿಂದೊಂದು ಫೋನು ಬಣ್ಣದ ಡಬ್ಬಿಗೆ ಬಿದ್ದಮೇಲೆ ನಮ್ಮನೆಯವಳು ಹೊರಗೆ ತರೋಕೆ ಬಿಡಲ್ಲ."

"ಅಂಕಿ ಹಾಕೋದು ಯಾರು?"

"ಅವಳೇ. ಎರಡು ಹೊತ್ತೂ ಕಟ್ಟೋದು, ಓದೋದು, ಹಾಕೋದು ಎಲ್ಲಾ ಅವಳೇ. ಕನ್ನಡಕ ಇಲ್ದೆ ನನಗೇನು ಕಾಣುತ್ತೆ? ನಂದು ತೋಳು ಕೊಡೋದಷ್ಟೇ."

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ ಹಿರಿಯರು. ಡಾಕ್ಟರಮ್ಮ ನೂರೈವತ್ತು ದಿನ ಕಂಡಿದ್ದಾಳೆ, ಒಂದು ದಿನವೂ ಪ್ರಮಾಣಿಸಿರಲಿಲ್ಲ. ಹೊರಗೆ ಕೂತ ಇಬ್ಬರನ್ನು ನರ್ಸಮ್ಮನಿಗೆ ಒಪ್ಪಿಸಿ, ಚೀಲ ತೆಗೆದುಕೊಂಡು, "ನಡೀರಿ ಮನೆಗೆ" ಎಂದಳು.

ಮನೆ ಎರಡೇ ಬೀದಿ ಆಚೆ. ಕಿಟಕಿಯ ಕೆಳಗೆ ಹೊಲಿಗೆ ಯಂತ್ರ, ಪಕ್ಕದಲ್ಲಿ ಪರದೆ ಬಟ್ಟೆಯ ರಾಶಿ. ದಾರದ ಉಂಡೆಗಳಿಗೆ ಫೋನು ಒರಗಿಸಿತ್ತು. ಬಿಪಿ ಯಂತ್ರವನ್ನು ಇನ್ನೂ ಡಬ್ಬಿಗೆ ಹಾಕಿರಲಿಲ್ಲ. ಬೋರ್ಡಣ್ಣನ ಹೆಂಡತಿ ಡಾಕ್ಟರನ್ನು ಕಂಡು ಗಡಿಬಿಡಿಯಿಂದ ಎದ್ದು ಕುರ್ಚಿಯ ಮೇಲಿನ ಬಟ್ಟೆ ಸರಿಸಿದಳು.

"ಈಗ ಏಳು ಗಂಟೆಗೆ ಅಳೆದದ್ದು ಯಾರದ್ದು ಅಮ್ಮಾ?"

"ನಂದೇ" ಎಂದಳು ಆಕೆ, ಮುಚ್ಚುಮರೆಯಿಲ್ಲದೆ. "ಬೆಳಿಗ್ಗೆಯದ್ದು ಇವರದು, ಸಾಯಂಕಾಲದ್ದು ನಂದು. ಶುರುವಲ್ಲಿ ಎರಡೂ ಇವರದೇ ಹಾಕ್ತಿದ್ದೆ. ಎರಡು ಹೊತ್ತೂ ಹೆಚ್ಚುಕಮ್ಮಿ ಒಂದೇ ಬರ್ತಿತ್ತು. ಅದನ್ನೇ ಎರಡೆರಡು ಸಲ ಯಾಕೆ ಬರೆಯೋದು, ಒಂದು ಖಾನೆ ಸುಮ್ನೆ ದಂಡ ಅಲ್ವಾ ಅಂತ ನಾನು ತಗೊಂಡೆ. ಸಾಯಂಕಾಲ ಇವರಿಗೂ ಕಟ್ಟಿ ನೋಡ್ತೀನಿ, ಬರೆಯೋದು ಮಾತ್ರ ನಂದು."

"ನಿಮ್ಮ ಹೆಸರಲ್ಲೇ ಬೇರೆ ತೆರೀಬಹುದಿತ್ತಲ್ಲ?"

"ತೆರೆಯೋಕೆ ಹೋದೆ. ಇನ್ನೊಂದು ಫೋನ್ ನಂಬರು ಕೇಳ್ತು. ಮನೇಲಿರೋದು ಒಂದೇ ಫೋನು."

"ನನಗೊಂದು ಮಾತು ಹೇಳೋದಲ್ವೇನೇ?" ಎಂದ ಬೋರ್ಡಣ್ಣ.

"ಹೇಳೋದೇನಿತ್ತು? ನೋಡಬೇಕಾದವರು ನೋಡ್ತಿದ್ರಲ್ಲ." ಆಕೆ ಫೋನು ತಂದು ಡಾಕ್ಟರಮ್ಮನ ಮುಂದೆ ಹಿಡಿದಳು. ಪ್ರತಿ ಅಂಕಿಯ ಕೆಳಗೂ ಹಸಿರು ಬಣ್ಣದಲ್ಲಿ ಒಂದು ಸಾಲು ಇತ್ತು: ನಿಮ್ಮ ವೈದ್ಯರು ನೋಡಿದ್ದಾರೆ. ಡಾಕ್ಟರಮ್ಮ ಈ ಸಾಲನ್ನು ಕಂಡೇ ಇರಲಿಲ್ಲ. ಅದು ರೋಗಿಗಳ ಫೋನಿನಲ್ಲಿ ಮಾತ್ರ ಕಾಣುವಂಥದ್ದು. ಅಷ್ಟೆಲ್ಲ ಕೊಂಕು ತೆಗೆದು ಆರಿಸುವಾಗಲೂ ಆಕೆ ನೋಡಿದ್ದು ತನ್ನ ಕಡೆಯದನ್ನಷ್ಟೇ.

"ಒಂದಿನ ನೂರ ತೊಂಬತ್ತು ಬಂತು" ಎಂದಳು ಆಕೆ. "ಕೈಕಾಲೇ ಆಡಲಿಲ್ಲ. ಸ್ವಲ್ಪ ಹೊತ್ತಿಗೆ ನೀವು ನೋಡಿದ್ದೀರಿ ಅಂತ ಬಂತು. ಡಾಕ್ಟರು ನೋಡಿಯೂ ಏನೂ ಹೇಳಿ ಕಳಿಸಿಲ್ಲ ಅಂದ್ರೆ ಹೆದರೋ ಅಂಥದ್ದಲ್ಲ ಅಂದ್ಕೊಂಡು ಪಾತ್ರೆ ತೊಳೆಯೋಕೆ ಹೋದೆ."

ಡಾಕ್ಟರಮ್ಮನಿಗೆ ಆ ಹೊತ್ತಿನಲ್ಲಿ ಆದ ನಾಚಿಕೆ ಇಷ್ಟು ವರ್ಷದ ಕಸುಬಿನಲ್ಲಿ ಎಂದೂ ಆಗಿರಲಿಲ್ಲ. ನೂರ ತೊಂಬತ್ತನ್ನು ಆಕೆ ನೋಡಿದ್ದು ನಿಜ. ನೋಡಿ, ಇವತ್ತು ಜಾಸ್ತಿಯೇ ಏರಿಸಿದ್ದಾನೆ ಅಂತ ಗೊಣಗಿದ್ದೂ ನಿಜ. ಕುರ್ಚಿಯ ಮೇಲೆ ಕೂತು, ಪಟ್ಟಿ ತೆಗೆದು ಆ ಹೆಂಗಸಿನ ತೋಳಿಗೆ ಸುತ್ತಿದಳು. ನೂರ ಎಂಬತ್ತಾರು. ತಲೆನೋವು? ಇದೆ. ಕಣ್ಣು?

"ಎರಡು ತಿಂಗಳಾಯ್ತು, ಸೂಜಿಗೆ ದಾರ ಪೋಣಿಸೋಕೆ ಪಕ್ಕದ ಮನೆಯವರನ್ನ ಕರೀಬೇಕು. ವಯಸ್ಸಾಯ್ತಲ್ಲ."

"ವಯಸ್ಸಿರಬಹುದು, ಇದೂ ಇರಬಹುದು. ನಾಳೆ ಬೆಳಿಗ್ಗೆ ಕಣ್ಣು, ರಕ್ತ, ಮೂತ್ರ ಎಲ್ಲಾ ನೋಡಿಸಬೇಕು. ಮಾತ್ರೆ ಇವತ್ತೇ ಶುರು." ಚೀಟಿ ಬರೆಯುತ್ತಾ ತಲೆಯೆತ್ತದೆ ಬೋರ್ಡಣ್ಣನಿಗೆ ಹೇಳಿದಳು: "ನಿಮ್ಮ ಎರಡನೇ ಮಾತ್ರೆ ನಿಲ್ಲಿಸಿ. ಮೊದಲನೇದು ಹಳೇ ಅಳತೆಗೇ ಬರಲಿ. ಅವತ್ತು ಕುಡಿತೀರಾ ಅಂತ ಕೇಳಿದೆನಲ್ಲ, ತಪ್ಪಾಯ್ತು. ನಿಮ್ಮ ಮಾತು ಕೇಳೋ ಬದಲು ಗೆರೆ ಕೇಳಿದೆ."

"ಕುಡಿಯೋದಾ? ಇವರಾ?" ಹೆಂಡತಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. "ಕೆಮ್ಮಿನ ಔಷಧಿ ಕುಡಿಸಬೇಕಾದ್ರೆ ನಾನು ಮೂಗು ಹಿಡೀಬೇಕು!" ಆಮೇಲೆ ನಗು ನಿಂತಿತು. "ಇದನ್ನ ನನಗೆ ಯಾಕೆ ಹೇಳಲಿಲ್ಲ ನೀವು?"

"ಏನಂತ ಹೇಳಲಿ? ಸಾಯಂಕಾಲದ್ದು ಏರ್ತಿದೆ ಅಂತ ಬಾಯಿ ಬಿಟ್ರೆ ಇದೂ ಹೊರಗೆ ಬರ್ತಿತ್ತು. ಡಾಕ್ಟರೇ ಹಾಗಂದಮೇಲೆ ನೀನೂ ನಂಬಿಬಿಟ್ರೆ?" ಎಂದ ಬೋರ್ಡಣ್ಣ. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ ಹಾಗಾಯ್ತು ನಮ್ಮನೆ ಕಥೆ" ಎಂದು ನಗಲು ನೋಡಿದ. ಆಗಲಿಲ್ಲ. ಇವರಿಬ್ಬರೂ ಹೇಳದೆ ಉಳಿಸಿಕೊಂಡದ್ದನ್ನು ತಾನು ಒಂದು ಮಾತು ಕೇಳಿದ್ದರೆ ಸಾಕಿತ್ತು ಎಂದು ಡಾಕ್ಟರಮ್ಮನಿಗೆ ಅನ್ನಿಸಿತು.

"ಒಂದು ವಾರ ತಲೆ ತಿರುಗದಿದ್ರೆ ಏಣಿ ಹತ್ತಬಹುದು" ಎಂದಳು. "ಔಷಧಿ ಅಂಗಡಿಯವರಿಗೆ ನಾಳೆ ಬೆಳಿಗ್ಗೆಯೇ ಹೋಗಿ ಒಪ್ಪಿಕೊಳ್ಳಿ."

ಎರಡು ತಿಂಗಳಿಂದ ಈ ಮಾತಿಗಾಗಿ ಕಾದಿದ್ದ ಮನುಷ್ಯ ಡಾಕ್ಟರಮ್ಮನ ಕಡೆ ತಿರುಗಲೂ ಇಲ್ಲ. ಹೆಂಡತಿಯ ತೋಳಿನ ಮೇಲೆ ಪಟ್ಟಿಯ ಗುರುತು ಇನ್ನೂ ಕೆಂಪಗಿತ್ತು. ಅದನ್ನೇ ನೋಡುತ್ತಿದ್ದ.

"ನಾಳೆ ಆಗಲ್ಲ. ಇವಳ ಜೊತೆ ಬರ್ತೀನಿ."

"ನೀವ್ಯಾಕೆ? ಅವರು ಅಚ್ಚಿನ ಬೋರ್ಡು ತರಿಸಿಬಿಡ್ತಾರೆ. ನೀವು ಹೋಗಿ, ನಾನೊಬ್ಬಳೇ ಹೋಗಿ ಬರ್ತೀನಿ" ಎಂದಳು ಹೆಂಡತಿ.

"ತರಿಸಿಕೊಳ್ಳಲಿ" ಎಂದ ಬೋರ್ಡಣ್ಣ. "ಐದು ತಿಂಗಳು ಒಬ್ಬಳೇ ಕಾಯಿಲೆ ಬಿದ್ದಿದ್ದು ಸಾಕು."